ದೇಹದ ಹದ

(ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರ ಸಮುದಾಯ ಭವನದಲ್ಲಿ, ಅಡಿಕೆ ಕೊಯ್ಲಿನ ದಿನಗಳಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ನಿನ್ನೆ ರಾತ್ರಿ ನಾನು ಇದೇ ಊರಿನ ಸ್ನೇಹಿತರ ಮನೆಯಲ್ಲಿ ಉಳಿದುಕೊಂಡಿದ್ದೆ. ಬೆಳಗಿನ ಜಾವ ಐದು ಗಂಟೆಗೆ ಎಚ್ಚರವಾದಾಗ ಅಂಗಳದಾಚೆ ಅಡಿಕೆ ಬೇಯಿಸುವ ಒಲೆ ಉರಿಯುತ್ತಿತ್ತು. ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರ ಮುಖ, ಎದೆ ಬೆಂಕಿಯ ಝಳಕ್ಕೆ ಬೆವರುತ್ತಿದ್ದವು. ಬೆನ್ನ ಮೇಲೆ ಕಂಬಳಿಯಿತ್ತು, ಕಂಬಳಿಯ ಕೂದಲಿನ ತುದಿಗಳಲ್ಲಿ ಇಬ್ಬನಿ ಕೂತಿತ್ತು. ಉರಿ ಜೋರಾಗಿ ಹಂಡೆಯ ಚೊಗರು ಉಕ್ಕಿ ಬರುವಂತೆ ಕಂಡಾಗ ಅವರು ಒಂದು ಕೊಳ್ಳಿಯನ್ನು ಹಿಂದಕ್ಕೆ ಎಳೆಯುತ್ತಿದ್ದರು. ಕುದಿ ಕುಗ್ಗಿದರೆ ಅದೇ ಕೊಳ್ಳಿಯನ್ನು ಮತ್ತೆ ಒಳಕ್ಕೆ ನೂಕುತ್ತಿದ್ದರು. ಎಷ್ಟು ಹೊತ್ತು ಬೇಯಬೇಕು ಎಂದು ನಾನು ಕೇಳಿದ್ದಕ್ಕೆ, "ಹೊತ್ತಿನ ಲೆಕ್ಕ ಇಲ್ಲ ಡಾಕ್ಟ್ರೇ, ಹದ ನೋಡ್ಕಂಡು ಇಳಿಸೋದು" ಎಂದರು. ಇವತ್ತಿನ ಮಾತಿಗೆ ನಾನು ಬರೆದುಕೊಂಡು ಬಂದಿದ್ದ ಮೊದಲ ಎರಡು ಪುಟಗಳನ್ನು ಅಲ್ಲಿಯೇ ಕೈಬಿಟ್ಟೆ.

ನನಗೆ ಕೊಟ್ಟಿರುವ ವಿಷಯ 'ದೇಹದ ಆಂತರಿಕ ಸಮತೋಲನ'. ಈ ಸಮತೋಲನ ಎಂಬ ಪದದೊಳಗೆ ಒಂದು ತಕ್ಕಡಿ ಅಡಗಿದೆ. ತಕ್ಕಡಿಯ ಎರಡು ತಟ್ಟೆಗಳು ಸಮವಾದರೆ ಅದು ನಿಂತುಬಿಡುತ್ತದೆ, ಆಮೇಲೆ ಯಾರೂ ಅದನ್ನು ಮುಟ್ಟಬೇಕಾಗಿಲ್ಲ. ದೇಹ ಆ ರೀತಿ ನಿಲ್ಲುವುದು ಪ್ರಾಣ ಹೋದ ಮೇಲೆ, ಹೊರಗಿನ ಗಾಳಿಗೂ ಮೈಗೂ ಒಂದೇ ಬಿಸಿ ಬಂದಾಗ. ಬದುಕಿರುವ ದೇಹಕ್ಕೆ ಒಪ್ಪುವ ಮಾತು ಆ ಹಿರಿಯರು ಹೇಳಿದ 'ಹದ'. ಬೆಲ್ಲದ ಪಾಕಕ್ಕೆ ಹದವಿದೆ, ಸಸಿ ನೆಡುವ ಗದ್ದೆಯ ಕೆಸರಿಗೆ ಹದವಿದೆ, ಮತ್ತು ಹದ ಎಂಬುದು ಒಮ್ಮೆ ಬಂದರೆ ತಾನಾಗಿ ಉಳಿಯುವಂಥದ್ದಲ್ಲ. ಅದು ತಪ್ಪುತ್ತಲೇ ಇರುತ್ತದೆ, ಯಾರೋ ಒಬ್ಬರು ಪಕ್ಕದಲ್ಲಿ ಕುಳಿತು ಅದನ್ನು ಕಾಯುತ್ತಲೇ ಇರಬೇಕು. ಕುದಿಯನ್ನು ನೋಡುವ ಕಣ್ಣು, ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ತೀರ್ಮಾನಿಸುವ ಬುದ್ಧಿ, ಕೊಳ್ಳಿಯನ್ನು ಎಳೆಯುವ ಕೈ, ಈ ಮೂರೂ ದೇಹದಲ್ಲಿ ಪ್ರತಿಯೊಂದು ಹದಕ್ಕೂ ಪ್ರತ್ಯೇಕವಾಗಿ ಇವೆ. ತಪ್ಪಿದ ದಿಕ್ಕಿಗೆ ವಿರುದ್ಧವಾಗಿ ಎಳೆದು ಸರಿಪಡಿಸುವ ಈ ಕ್ರಮವನ್ನು ನಮ್ಮ ಶಾಸ್ತ್ರದಲ್ಲಿ ಋಣಾತ್ಮಕ ಹಿಮ್ಮಾಹಿತಿ ಎನ್ನುತ್ತೇವೆ. ಹೆಸರು ದೊಡ್ಡದು, ಕೆಲಸ ಕೊಳ್ಳಿ ಎಳೆಯುವುದೇ.

ಈ ವಿಚಾರವನ್ನು ಮೊದಲು ಸ್ಪಷ್ಟವಾಗಿ ಕಂಡವರು 19ನೆಯ ಶತಮಾನದ ಫ್ರಾನ್ಸಿನ ಶರೀರಕ್ರಿಯಾ ವಿಜ್ಞಾನಿ ಕ್ಲಾದ್ ಬರ್ನಾರ್. ನಮ್ಮ ಜೀವಕೋಶಗಳು ನೇರವಾಗಿ ಹೊರಗಿನ ಗಾಳಿ, ಮಳೆ, ಬಿಸಿಲಿನಲ್ಲಿ ಬದುಕುತ್ತಿಲ್ಲ, ಅವು ದೇಹದೊಳಗಿನ ದ್ರವದಲ್ಲಿ ಮುಳುಗಿ ಬದುಕುತ್ತಿವೆ, ಆ ಒಳಗಿನ ಪರಿಸರ ಸ್ಥಿರವಾಗಿರುವುದರಿಂದಲೇ ಪ್ರಾಣಿಗೆ ಹೊರಗೆ ಸ್ವತಂತ್ರವಾಗಿ ಓಡಾಡುವುದು ಸಾಧ್ಯವಾಗಿದೆ ಎಂದು ಅವರು ವಾದಿಸಿದರು. ಅಮೆರಿಕದ ಹಾರ್ವರ್ಡ್‌ನಲ್ಲಿದ್ದ ವಾಲ್ಟರ್ ಕ್ಯಾನನ್ ಇದಕ್ಕೆ 1926ರಲ್ಲಿ 'ಹೋಮಿಯೋಸ್ಟಾಸಿಸ್' ಎಂದು ಹೆಸರಿಟ್ಟರು. ನಮ್ಮ ಪಠ್ಯಪುಸ್ತಕಗಳಲ್ಲಿ ಅದು 'ಸಮಸ್ಥಿತಿ' ಆಗಿದೆ. ಈ ಪದವನ್ನು ಕೇಳಿದವರು ಜಡವಾಗಿ ನಿಂತ ಯಾವುದೋ ಸ್ಥಿತಿಯನ್ನು ಕಲ್ಪಿಸಿಕೊಳ್ಳಬಾರದು, ಏರಿಳಿತವಿದ್ದೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಉಳಿಯುವುದು ಎಂದು ತಿಳಿಯಬೇಕು ಎಂದು ಕ್ಯಾನನ್ ತಾವೇ ಎಚ್ಚರಿಸಿದ್ದರು. ಆ ಎಚ್ಚರಿಕೆಯನ್ನು ಪರೀಕ್ಷೆಗೆ ಓದುವ ನಮ್ಮ ಮಕ್ಕಳ ಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ ಎಂಬುದು ಮೂವತ್ತು ವರ್ಷ ಪಾಠ ಮಾಡಿದ ನನ್ನ ದೂರು.

ಒಳಗಿನ ಹದ ಎಷ್ಟು ಗಟ್ಟಿ ಎಂಬುದನ್ನು ತೋರಿಸಿದ ಒಂದು ಹಳೆಯ ಪ್ರಯೋಗವಿದೆ. 1774ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಬ್ಲಾಗ್ಡೆನ್ ಎಂಬ ವೈದ್ಯರು ಸ್ನೇಹಿತರೊಂದಿಗೆ ವಿಪರೀತವಾಗಿ ಕಾಯಿಸಿದ ಕೋಣೆಯೊಂದನ್ನು ಹೊಕ್ಕರು. ಪ್ರಯೋಗ ಮುಂದುವರಿದ ಹಾಗೆ ಕೋಣೆಯ ಬಿಸಿಯನ್ನು ಸುಮಾರು 127 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿಸಿದರು. ಅದು ನೀರು ಕುದಿಯುವುದಕ್ಕಿಂತ ಹೆಚ್ಚಿನ ಬಿಸಿ. ಕೋಣೆಯಲ್ಲಿಟ್ಟ ಮೊಟ್ಟೆಗಳು ಬೆಂದವು, ಹಸಿ ಮಾಂಸದ ತುಂಡು ಬೆಂದು ಒಣಗಿತು. ಅದೇ ಗಾಳಿಯಲ್ಲಿ ಕೆಲವು ನಿಮಿಷ ನಿಂತಿದ್ದ ಬ್ಲಾಗ್ಡೆನ್ ನಡೆದುಕೊಂಡು ಹೊರಗೆ ಬಂದರು. ಒಂದು ನಾಯಿಯನ್ನೂ ಒಳಗೆ ಬಿಟ್ಟಿದ್ದರು. ಪಾದ ಸುಡದಿರಲೆಂದು ಅದನ್ನು ಬುಟ್ಟಿಯಲ್ಲಿ ಕೂರಿಸಿದ್ದರಂತೆ, ಅದೂ ಕ್ಷೇಮವಾಗಿಯೇ ಬಂತು. ಮಾಂಸದ ತುಂಡಿಗೂ ಬದುಕಿರುವ ಮನುಷ್ಯನಿಗೂ ಇದ್ದ ಮುಖ್ಯ ವ್ಯತ್ಯಾಸ ಬೆವರು ಮತ್ತು ಓಡುವ ರಕ್ತ. ಕೋಣೆಯ ಗಾಳಿ ಒಣಗಾಳಿಯಾಗಿತ್ತು ಎಂಬ ಮಾತನ್ನು ಮಾತ್ರ ನೆನಪಿನಲ್ಲಿಡಿ, ಮಲೆನಾಡಿನವರಾದ ನಮಗೆ ಅದು ಇನ್ನು ಸ್ವಲ್ಪ ಹೊತ್ತಿನಲ್ಲಿ ಬೇಕಾಗುತ್ತದೆ.

ಸುಮ್ಮನೆ ಕುಳಿತಿರುವ ನಿಮ್ಮಲ್ಲಿ ಪ್ರತಿಯೊಬ್ಬರ ದೇಹವೂ ಈ ಕ್ಷಣದಲ್ಲಿ 80ರಿಂದ 100 ವಾಟ್‌ನಷ್ಟು ಶಾಖವನ್ನು ಹುಟ್ಟಿಸುತ್ತಿದೆ. ಹಳೆಯ ಕಾಲದ ಒಂದು ಬಲ್ಬಿನಷ್ಟು. ಆ ಶಾಖ ಹೊರಗೆ ಹೋಗದಂತೆ ಸಂಪೂರ್ಣವಾಗಿ ತಡೆದರೆ ಮೈಬಿಸಿ ಗಂಟೆಗೆ ಸುಮಾರು ಒಂದು ಡಿಗ್ರಿಯಂತೆ ಏರುತ್ತಾ ಹೋಗಿ, ನನ್ನ ಭಾಷಣ ಸ್ವಲ್ಪ ಉದ್ದವಾದರೂ ನಿಮಗೆಲ್ಲ ಅಪಾಯವಾಗುತ್ತಿತ್ತು. ಹಾಗಾಗದಂತೆ ಕಾಯುವ ಕಾವಲುಗಾರ ಮೆದುಳಿನ ಬುಡದಲ್ಲಿರುವ, ಕೆಲವೇ ಗ್ರಾಂ ತೂಗುವ ಹೈಪೊಥಲಮಸ್ ಎಂಬ ಭಾಗ. ಅದು ತನ್ನ ಮೂಲಕ ಹರಿಯುವ ರಕ್ತದ ಬಿಸಿಯನ್ನು ಅಳೆಯುತ್ತದೆ, ಚರ್ಮದಿಂದ ಬರುವ ಸುದ್ದಿಯನ್ನೂ ಕೇಳುತ್ತದೆ, ಎರಡನ್ನೂ ಕೂಡಿಸಿ ಒಂದು ತೀರ್ಮಾನಕ್ಕೆ ಬರುತ್ತದೆ. ಒಲೆಯ ಮುಂದಿನ ಹಿರಿಯರ ಎದೆ 'ಬಿಸಿ' ಎನ್ನುತ್ತಿತ್ತು, ಬೆನ್ನು 'ಚಳಿ' ಎನ್ನುತ್ತಿತ್ತು. ಹೈಪೊಥಲಮಸ್ ಇಬ್ಬರ ದೂರನ್ನೂ ಕೇಳಿಸಿಕೊಂಡು ರಕ್ತದ ಬಿಸಿಯನ್ನೇ ಮುಖ್ಯ ಸಾಕ್ಷಿಯಾಗಿ ಹಿಡಿಯುತ್ತದೆ. ಬಿಸಿ ಹೆಚ್ಚಾದರೆ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಶಾಖವನ್ನು ಮೈಮೇಲಕ್ಕೆ ತರುತ್ತದೆ, ಬೆವರಿಸುತ್ತದೆ. ಕಡಿಮೆಯಾದರೆ ಅದೇ ನಾಳಗಳನ್ನು ಬಿಗಿದು ಬೆರಳು ತಣ್ಣಗಾಗಿಸುತ್ತದೆ, ಅದೂ ಸಾಲದಿದ್ದರೆ ಸ್ನಾಯುಗಳನ್ನು ಗಡಗಡ ನಡುಗಿಸಿ ಶಾಖ ಹುಟ್ಟಿಸುತ್ತದೆ. ಇಷ್ಟೆಲ್ಲ ಮಾಡಿಯೂ ನಮ್ಮ ಮೈಬಿಸಿ 37 ಡಿಗ್ರಿಯಲ್ಲಿ ಮೊಳೆ ಹೊಡೆದಂತೆ ಕೂರುವುದಿಲ್ಲ. ಬೆಳಗಿನ ಜಾವ ಅರ್ಧ ಡಿಗ್ರಿಯಷ್ಟು ಇಳಿದು ಸಂಜೆಗೆ ಅಷ್ಟೇ ಏರುತ್ತದೆ.

ಬೆವರಿನ ವಿಷಯದಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ಚರ್ಮದಲ್ಲಿ 20ರಿಂದ 40 ಲಕ್ಷ ಬೆವರಿನ ಗ್ರಂಥಿಗಳಿವೆ. ಮೈಯನ್ನು ತಣಿಸುವ ಕೆಲಸ ಆ ಬೆವರು ಆರುವಾಗ ನಡೆಯುತ್ತದೆ: ಒಂದು ಲೀಟರ್ ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ನೀರು ಮತ್ತು ಉಪ್ಪಿನ ನಷ್ಟವಷ್ಟೆ, ಅದರಿಂದ ಮೈ ತಣಿಯುವುದಿಲ್ಲ. ಬ್ಲಾಗ್ಡೆನ್ ಬದುಕಿ ಬಂದದ್ದು ಒಣಗಾಳಿಯಿಂದ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸುತ್ತ ಆಷಾಢದಲ್ಲಿ ಒಗೆದು ಹಾಕಿದ ಬಟ್ಟೆ ಎಷ್ಟು ದಿನಕ್ಕೆ ಒಣಗುತ್ತದೆ ಎಂದು ನಿಮ್ಮನ್ನು ಕೇಳಬೇಕಾಗಿಲ್ಲ. ಬಟ್ಟೆ ಒಣಗದ ಗಾಳಿಯಲ್ಲಿ ಬೆವರೂ ಆರುವುದಿಲ್ಲ. ಮಳೆಗಾಲದಲ್ಲಿ ತಂಪು ಇರುವುದರಿಂದ ಇದು ತೊಂದರೆ ಕೊಡುವುದಿಲ್ಲ. ತೊಂದರೆ ಕೊಡುವುದು ಮೇ ತಿಂಗಳ ಕೊನೆಯಲ್ಲಿ, ಮೋಡ ಕಟ್ಟಿ ಮಳೆ ಹನಿಯದೆ ಗಾಳಿಯೂ ಅಲುಗಾಡದ ಆ ಸೆಕೆಯ ದಿನಗಳಲ್ಲಿ. ಥರ್ಮಾಮೀಟರ್ 34 ತೋರಿಸಿದರೂ ತೋಟದಲ್ಲಿ ಗೊಬ್ಬರ ಹೊರುವವರು ಬಳ್ಳಾರಿಯ 40 ಡಿಗ್ರಿಯಲ್ಲಿ ಕೆಲಸ ಮಾಡುವವರಷ್ಟೇ ಬಳಲುತ್ತಾರೆ. ಇಲ್ಲಿಂದ ಬಯಲುಸೀಮೆಗೆ ಮದುವೆಗೆಂದು ಹೋದವರು ಮೊದಲ ದಿನ ಸುಸ್ತಾಗಿ ಮಲಗುವುದಕ್ಕೂ ಕಾರಣವಿದೆ: ಬಿಸಿಲಿಗೆ ಒಗ್ಗಿಕೊಳ್ಳಲು ದೇಹಕ್ಕೆ ಒಂದರಿಂದ ಎರಡು ವಾರ ಬೇಕು. ಒಗ್ಗಿದ ದೇಹ ಬೇಗ ಬೆವರಲು ತೊಡಗುತ್ತದೆ, ಹೆಚ್ಚು ಬೆವರುತ್ತದೆ, ಬೆವರಿನಲ್ಲಿ ಉಪ್ಪನ್ನು ಕಡಿಮೆ ಕಳೆದುಕೊಳ್ಳುತ್ತದೆ. ಕಾವಲುಗಾರನೂ ಅನುಭವದಿಂದ ಕಲಿಯುತ್ತಾನೆ ಎಂದಾಯಿತು.

ಈಗ ಜ್ವರ. ನಮ್ಮ ಜಿಲ್ಲೆಯಲ್ಲಿ ಜ್ವರದ ಮಾತೆತ್ತಿದರೆ ಮಂಗನ ಕಾಯಿಲೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿ, ಆ ಸುತ್ತಿನ ಜನರಿಗೂ ಜ್ವರ ಬಂದು, ಹೊಸ ವೈರಸ್ಸೊಂದು ಪತ್ತೆಯಾಯಿತು. ಇವತ್ತಿಗೂ ಜಗತ್ತಿನ ವೈದ್ಯಕೀಯ ಗ್ರಂಥಗಳಲ್ಲಿ ಆ ರೋಗಕ್ಕೆ ನಮ್ಮ ಕ್ಯಾಸನೂರಿನ ಹೆಸರೇ ಇದೆ. ಉಣುಗು ಕಚ್ಚಿ ವೈರಸ್ಸು ಒಳಹೊಕ್ಕ ಕೆಲವು ದಿನಗಳ ಮೇಲೆ ಥಟ್ಟನೆ ಚಳಿ ಹತ್ತುತ್ತದೆ. ಎರಡು ಕಂಬಳಿ ಹೊದಿಸಿದರೂ ನಡುಕ ನಿಲ್ಲುವುದಿಲ್ಲ, ಮುಟ್ಟಿ ನೋಡಿದರೆ ಮೈ ಕೆಂಡ. ಮೈ ಸುಡುತ್ತಿರುವಾಗ ಚಳಿ ಏಕೆ? ನನ್ನ ಇಡೀ ವೃತ್ತಿಯಲ್ಲಿ ರೋಗಿಗಳ ಮನೆಯವರು ಕೇಳಿದ ಅತ್ಯುತ್ತಮ ಪ್ರಶ್ನೆ ಇದೇ ಎಂದು ನಾನು ಭಾವಿಸುತ್ತೇನೆ.

ಉತ್ತರ ಹೀಗಿದೆ. ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳು ಹೊರಡಿಸುವ ರಾಸಾಯನಿಕ ಸಂದೇಶಗಳಿಂದ ಮೆದುಳಿನಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತು ಹೆಚ್ಚಾಗಿ, ಹೈಪೊಥಲಮಸ್ ತಾನು ಕಾಯುತ್ತಿದ್ದ ಗುರುತನ್ನೇ 37ರಿಂದ 39ಕ್ಕೆ ಎತ್ತಿಡುತ್ತದೆ. ಆ ಗಳಿಗೆಯಲ್ಲಿ ರಕ್ತ ಇನ್ನೂ 37ರಲ್ಲಿಯೇ ಇರುತ್ತದೆ. ಹೊಸ ಗುರುತಿಗೆ ಹೋಲಿಸಿದರೆ ಅದು ತಣ್ಣಗೆ, ಆದ್ದರಿಂದ ಚಳಿ, ನಡುಕ, ಕಂಬಳಿಯ ಆಸೆ. ಗುರುತನ್ನು ಮುಟ್ಟಿದ ಮೇಲೆ ನಡುಕ ನಿಲ್ಲುತ್ತದೆ. ಜ್ವರ ಬಿಡುವಾಗ ಗುರುತು ಮತ್ತೆ 37ಕ್ಕೆ ಇಳಿದು, ಈಗ ರಕ್ತ ಹೆಚ್ಚು ಬಿಸಿಯೆನಿಸಿ ಮೈ ಬೆವರಿ ಹಾಸಿಗೆ ಒದ್ದೆಯಾಗುತ್ತದೆ. ಅಂದರೆ ಜ್ವರದಲ್ಲಿ ಹದ ಕೆಟ್ಟಿರುವುದಿಲ್ಲ. ಕಾಯುವ ಹದವನ್ನೇ ದೇಹ ಉದ್ದೇಶಪೂರ್ವಕವಾಗಿ ಬದಲಿಸಿರುತ್ತದೆ. ಇದರಿಂದ ಲಾಭವಿದೆಯೇ? ನಮ್ಮ ಓತಿಕ್ಯಾತಕ್ಕೆ ದೂರದ ನೆಂಟನಾದ ಮರುಭೂಮಿಯ ಇಗ್ವಾನದ ಮೇಲೆ 1970ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗಗಳಲ್ಲಿ, ಸೋಂಕು ತಗುಲಿದ ಪ್ರಾಣಿಗಳು ತಾವಾಗಿಯೇ ಹೆಚ್ಚು ಬಿಸಿಯಾದ ಜಾಗವನ್ನು ಹುಡುಕಿಕೊಂಡವು. ತಂಪಿನಲ್ಲಿಯೇ ಇರಿಸಿದವುಗಳಲ್ಲಿ ಹೆಚ್ಚು ಸತ್ತವು. ಆದರೆ ಈ ಕೆಲಸಕ್ಕೆ ಖರ್ಚೂ ಇದೆ: ಒಂದು ಡಿಗ್ರಿ ಜ್ವರ ಏರಿದರೆ ದೇಹದ ಇಂಧನದ ಖರ್ಚು ಶೇಕಡಾ ಹತ್ತಕ್ಕಿಂತ ಹೆಚ್ಚಾಗುತ್ತದೆ. ಹೃದಯ ದುರ್ಬಲವಾದವರಿಗೆ ಆ ಖರ್ಚು ತಡೆಯುವುದಿಲ್ಲ. ಪ್ಯಾರಸಿಟಮಾಲ್ ಮಾಡುವ ಕೆಲಸ ಆ ಗುರುತನ್ನು ಕೆಳಗಿಳಿಸುವುದು. ನಡುಗುತ್ತಿರುವವರ ಮೇಲೆ ತಣ್ಣೀರು ಸುರಿದರೆ ಕಾವಲುಗಾರ ಇನ್ನಷ್ಟು ನಡುಗಿಸುತ್ತಾನೆ, ಅಷ್ಟೆ. ಬಿಸಿಲಿನ ಹೊಡೆತಕ್ಕೆ ಸಿಕ್ಕಿ ಪ್ರಜ್ಞೆ ತಪ್ಪಿದವರ ಮಾತು ಬೇರೆ. ಅಲ್ಲಿ ಗುರುತು ಬದಲಾಗಿಲ್ಲ, ಕಾವಲೇ ಸೋತಿದೆ. ಅವರಿಗೆ ಈ ಮಾತ್ರೆ ಪ್ರಯೋಜನವಿಲ್ಲ, ತಡಮಾಡದೆ ನೀರು ಸುರಿದು ಗಾಳಿ ಹಾಕಿ ತಣಿಸುತ್ತಲೇ ಆಸ್ಪತ್ರೆಗೆ ಒಯ್ಯಬೇಕು. ಮಂಗನ ಕಾಯಿಲೆಯ ಕಾಲದಲ್ಲಿ ಮತ್ತು ಡೆಂಗಿಯ ಕಾಲದಲ್ಲಿ ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗಬೇಡಿ. ಈ ಎರಡೂ ಜ್ವರಗಳಲ್ಲಿ ರಕ್ತಸ್ರಾವದ ಅಪಾಯವಿದೆ, ಕೆಲವು ನೋವಿನ ಮಾತ್ರೆಗಳು ಅದನ್ನು ಹೆಚ್ಚಿಸುತ್ತವೆ.

ಸಕ್ಕರೆಯ ವಿಷಯಕ್ಕೆ ಬರೋಣ. ನಿಮ್ಮ ಮೈಯಲ್ಲಿರುವ ಸುಮಾರು ಐದು ಲೀಟರ್ ರಕ್ತದಲ್ಲಿ, ಊಟಕ್ಕೆ ಮುಂಚೆ, ಕರಗಿರುವ ಒಟ್ಟು ಗ್ಲೂಕೋಸ್ ನಾಲ್ಕೈದು ಗ್ರಾಂ. ಒಂದು ಟೀ ಚಮಚ. ನಮ್ಮ ಮೆದುಳೊಂದೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬಳಸುತ್ತದೆ, ಅಂದರೆ ಆ ಒಂದು ಚಮಚ ಒಂದು ಗಂಟೆಗೆ ಮುಗಿಯಬೇಕು. ಮುಗಿಯುವುದಿಲ್ಲ, ಏಕೆಂದರೆ ಯಕೃತ್ತು ತನ್ನಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಸಂಗ್ರಹಿಸಿಟ್ಟ ಸುಮಾರು 100 ಗ್ರಾಂ ದಾಸ್ತಾನಿನಿಂದ ಗಳಿಗೆಗಳಿಗೆಗೂ ಅಳೆದು ಸುರಿಯುತ್ತಿರುತ್ತದೆ. ಇದನ್ನು ಕಂಡುಹಿಡಿದವರೂ ಮೊದಲು ಹೇಳಿದ ಕ್ಲಾದ್ ಬರ್ನಾರ್ ಅವರೇ. ಇದಕ್ಕೆ ವಿರುದ್ಧವಾದ ಕಷ್ಟ ಹಬ್ಬದ ದಿನದ್ದು: ನೀವು ಎರಡು ಹೋಳಿಗೆ, ಪಾಯಸ, ಅನ್ನ ಊಟ ಮಾಡಿದಾಗ ಆ ಒಂದು ಚಮಚದ ಹದಕ್ಕೆ ಹತ್ತಾರು ಚಮಚ ಬಂದು ಬೀಳುತ್ತವೆ. ಆಗ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸುರಿಸಿ ಸಕ್ಕರೆಯನ್ನು ಸ್ನಾಯು, ಕೊಬ್ಬು, ಯಕೃತ್ತುಗಳ ಒಳಕ್ಕೆ ಸರಿಸುತ್ತದೆ. ಹಸಿದಾಗ ಅದೇ ಗ್ರಂಥಿ ಗ್ಲುಕಗಾನ್ ಸುರಿಸಿ ಯಕೃತ್ತಿನ ಕಣಜದ ಬಾಗಿಲು ತೆರೆಸುತ್ತದೆ. ಕೊಳ್ಳಿ ತಳ್ಳುವ ಕೈ, ಎಳೆಯುವ ಕೈ ಎರಡೂ ಒಂದೇ ಗ್ರಂಥಿಯಲ್ಲಿವೆ.

ಮಧುಮೇಹದಲ್ಲಿ ಈ ಎಳೆಯುವ ಕೈ, ಅಂದರೆ ಇನ್ಸುಲಿನ್, ಇಲ್ಲವಾಗುತ್ತದೆ ಅಥವಾ ಅದರ ಮಾತನ್ನು ದೇಹ ಕೇಳುವುದಿಲ್ಲ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಬಾಲಕನೊಬ್ಬನಿಗೆ ಮೊದಲ ಇನ್ಸುಲಿನ್ ಚುಚ್ಚುವವರೆಗೆ ಅಂಥ ಮಕ್ಕಳು ಬದುಕುತ್ತಿರಲಿಲ್ಲ. ಈಗ ಮದ್ದಿದೆ, ಆದರೆ ಮದ್ದಿನಿಂದ ಹದ ಕಾಯುವಾಗ ಕಾವಲುಗಾರ ನಾವೇ ಆಗಿರಬೇಕು ಎಂಬುದನ್ನು ಮರೆಯುತ್ತೇವೆ. ಹಿಂದೊಮ್ಮೆ ಒಬ್ಬ ತಾಯಿಯನ್ನು ದೀಪಾವಳಿಯ ಮಧ್ಯಾಹ್ನ ಕಾರಿನಲ್ಲಿ ಮಲಗಿಸಿಕೊಂಡು ನನ್ನಲ್ಲಿಗೆ ಕರೆತಂದರು. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ತಪ್ಪದೆ ನುಂಗಿದ್ದರು, ಪೂಜೆ ಮುಗಿಯುವವರೆಗೆ ಉಪವಾಸವನ್ನೂ ತಪ್ಪದೆ ಮಾಡಿದ್ದರು. ಹಣೆಯ ಮೇಲೆ ತಣ್ಣನೆಯ ಬೆವರು, ಕೈ ನಡುಕ, ತೊದಲು ಮಾತು. ಪಾರ್ಶ್ವವಾಯುವೇ ಇರಬೇಕು ಎಂದು ಮಗ ಗಾಬರಿಯಾಗಿದ್ದರು. ಗ್ಲೂಕೋಸ್ ಕೊಟ್ಟ ಹತ್ತು ನಿಮಿಷಕ್ಕೆ ಆ ತಾಯಿ ಎದ್ದು ಕುಳಿತು, ನೈವೇದ್ಯ ಆಯಿತೇ ಎಂದು ಕೇಳಿದರು. ಆ ಬೆವರು ಮತ್ತು ನಡುಕ ಕಾಯಿಲೆಯದ್ದಲ್ಲ, ಸಕ್ಕರೆ ಇಳಿಯಿತು ಎಂದು ದೇಹ ಅಡ್ರಿನಲಿನ್ ಮೂಲಕ ಹೊಡೆದ ಜಾಗಟೆಯ ಸದ್ದು.

ನೀರಿನ ಹದಕ್ಕೆ ನಮ್ಮ ಜಿಲ್ಲೆಯಲ್ಲಿ ಒಳ್ಳೆಯ ಉಪಮೆ ಸಿಗುತ್ತದೆ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1,819 ಅಡಿ ಎಂಬುದು ಮಳೆಗಾಲದಲ್ಲಿ ಪತ್ರಿಕೆ ಓದುವ ಎಲ್ಲರಿಗೂ ಬಾಯಿಪಾಠ. ಒಳಹರಿವು ಇಷ್ಟು, ಹೊರಹರಿವು ಇಷ್ಟು ಎಂದು ದಿನವೂ ಅಳೆದು ಅಲ್ಲಿ ಗೇಟು ಎತ್ತುತ್ತಾರೆ, ಇಳಿಸುತ್ತಾರೆ. ಉಪಮೆ ಕುಂಟುವುದು ಒಂದು ಕಡೆ: ಜಲಾಶಯ ಬೇಸಿಗೆಯಲ್ಲಿ ಹತ್ತಾರು ಅಡಿ ಇಳಿದರೂ ಅಣೆಕಟ್ಟಿಗೆ ಏನೂ ಆಗುವುದಿಲ್ಲ, ದೇಹಕ್ಕೆ ಆ ಸವಲತ್ತಿಲ್ಲ. ರಕ್ತದ ಸಾಂದ್ರತೆ ಶೇಕಡಾ ಒಂದೆರಡರಷ್ಟು ಏರಿದರೆ ಸಾಕು, ಹೈಪೊಥಲಮಸ್‌ನಲ್ಲಿರುವ ಕೋಶಗಳು ಅದನ್ನು ಗುರುತಿಸಿ ಬಾಯಾರಿಕೆಯನ್ನು ಹುಟ್ಟಿಸುತ್ತವೆ ಮತ್ತು ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಬಿಡಿಸಿ ಮೂತ್ರಪಿಂಡಗಳಿಗೆ 'ನೀರು ಹಿಡಿದಿಡಿ' ಎಂದು ಹೇಳಿ ಕಳಿಸುತ್ತವೆ. ಮೂತ್ರಪಿಂಡಗಳ ಕೆಲಸದ ಪ್ರಮಾಣವನ್ನು ಕೇಳಿದರೆ ನೀವು ನಂಬಲಾರಿರಿ. ಅವು ದಿನವೊಂದಕ್ಕೆ ರಕ್ತದಿಂದ ಸುಮಾರು 180 ಲೀಟರ್ ದ್ರವವನ್ನು ಸೋಸಿ ತೆಗೆಯುತ್ತವೆ, ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲನ್ನು ಮರಳಿ ರಕ್ತಕ್ಕೆ ಸೇರಿಸುತ್ತವೆ, ಒಂದೂವರೆ ಲೀಟರನ್ನು ಹೊರಗೆ ಬಿಡುತ್ತವೆ. ಮನೆಯ ಸಾಮಾನನ್ನೆಲ್ಲ ದಿನವೂ ಅಂಗಳಕ್ಕೆ ಹಾಕಿ ಬೇಕಾದದ್ದನ್ನು ಒಳಗೆ ತಂದು, ಬೇಡದ್ದನ್ನು ಮಾತ್ರ ಅಲ್ಲಿಯೇ ಬಿಟ್ಟಂತೆ. ದುಬಾರಿಯ ವಿಧಾನ, ಆದರೆ ಹಿಂದೆಂದೂ ಕಾಣದ ವಿಷವೊಂದು ಒಳಗೆ ಬಂದರೂ ಅದನ್ನು ಗುರುತು ಹಿಡಿಯುವ ಗೋಜಿಲ್ಲದೆ ಹೊರಗೆ ಬಿಡಬಹುದು.

ವಾಂತಿಭೇದಿಯಲ್ಲಿ ಈ ಹದ ಕೆಲವೇ ಗಂಟೆಗಳಲ್ಲಿ ಕುಸಿಯುತ್ತದೆ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಹಬ್ಬಿದಾಗ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಲನಬಿಸ್ ಅವರ ಬಳಿ ಸಾಕಷ್ಟು ಡ್ರಿಪ್ ಬಾಟಲಿಗಳು ಇರಲಿಲ್ಲ. ಅವರು ಉಪ್ಪು ಮತ್ತು ಗ್ಲೂಕೋಸನ್ನು ಅಳತೆಯಲ್ಲಿ ನೀರಿಗೆ ಬೆರೆಸಿ ರೋಗಿಗಳಿಗೆ ಕುಡಿಸಿದರು, ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಉಪ್ಪಿನಲ್ಲಿರುವ ಸೋಡಿಯಂ ಜೊತೆಯಾಗಿ ಬಂದರೆ ಮಾತ್ರ ತೆರೆಯುವ ಒಂದು ಬಾಗಿಲಿದೆ, ಭೇದಿಯ ನಡುವೆಯೂ ಅದು ಕೆಲಸ ಮಾಡುತ್ತದೆ, ಅವುಗಳ ಹಿಂದೆಯೇ ನೀರೂ ಒಳಗೆ ಬರುತ್ತದೆ. ಮನೆಯಲ್ಲಿ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸಾಕು; ಉಪ್ಪು ಹೆಚ್ಚಾಗಬಾರದು. ಕಾಯಿಲೆಯವರಿಗೆ ನಮ್ಮ ಅಜ್ಜಿಯಂದಿರು ಉಪ್ಪು ಹಾಕಿದ ತೆಳು ಗಂಜಿಯನ್ನು ಕುಡಿಸುತ್ತಿದ್ದರಲ್ಲ, ಅದರ ಅಕ್ಕಿಯ ಪಿಷ್ಟವೂ ಕರುಳಿನಲ್ಲಿ ಗ್ಲೂಕೋಸ್ ಆಗಿ ಅದೇ ಬಾಗಿಲನ್ನು ತಟ್ಟುತ್ತದೆ. ಅಜ್ಜಿಗೆ ಸೋಡಿಯಂ ಗೊತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿ ಚಪ್ಪಾಳೆ ಗಿಟ್ಟಿಸುವ ಭಾಷಣಗಳು ಈಗ ಬಹಳವಾಗಿವೆ. ಅಜ್ಜಿಗೆ ಗೊತ್ತಿದ್ದದ್ದು ಗಂಜಿ ಕುಡಿದವರು ಚೇತರಿಸಿಕೊಳ್ಳುತ್ತಾರೆ ಎಂಬುದು, ಅದೇನೂ ಸಣ್ಣ ತಿಳಿವಳಿಕೆಯಲ್ಲ.

ಪಿಯುಸಿ ಓದುವ ಹುಡುಗಿಯೊಬ್ಬಳು ಒಂದು ಚೀಟಿ ಕಳಿಸಿದ್ದಾಳೆ: ದೇಹ ಯಾವಾಗಲೂ ವಿರುದ್ಧ ದಿಕ್ಕಿಗೇ ಎಳೆಯುತ್ತದೆಯೇ, ಹೋಗುತ್ತಿರುವ ದಿಕ್ಕಿಗೇ ತಳ್ಳುವುದಿಲ್ಲವೇ? ತಳ್ಳುತ್ತದೆ, ಅಪರೂಪಕ್ಕೆ. ಹೆರಿಗೆಯಲ್ಲಿ ಒಂದು ನೋವು ಮುಂದಿನ ನೋವನ್ನು ಇನ್ನೂ ಜೋರಾಗಿ ಬರಿಸುತ್ತದೆ, ಮಗು ಹೊರಗೆ ಬಂದ ಮೇಲೆಯೇ ಅದು ನಿಲ್ಲುವುದು. ಇನ್ನೊಂದು ಉದಾಹರಣೆ ನಿಮ್ಮ ಕಾಲಿಗೇ ಅಂಟಿಕೊಳ್ಳುವಂಥದ್ದು. ಗಾಯವಾದಾಗ ರಕ್ತದಲ್ಲಿ ಥ್ರಾಂಬಿನ್ ಎಂಬ ಕಿಣ್ವ ಸ್ವಲ್ಪ ಹುಟ್ಟುತ್ತದೆ, ಅದು ಇನ್ನಷ್ಟು ಥ್ರಾಂಬಿನ್ ಹುಟ್ಟಲು ದಾರಿ ಮಾಡುತ್ತದೆ, ಹೀಗೆ ಕಿಡಿ ದರಕಿಗೆ ಹತ್ತಿದಂತೆ ಹಬ್ಬಿ ಕೆಲವು ನಿಮಿಷಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮಳೆಗಾಲದಲ್ಲಿ ಇಂಬಳ, ಅಂದರೆ ಕಾಡಿನ ಜಿಗಣೆ, ಕಚ್ಚಿದ ಜಾಗದಲ್ಲಿ ಮಾತ್ರ ಹಾಗಾಗುವುದಿಲ್ಲ. ಸುಣ್ಣವನ್ನೋ ಹೊಗೆಸೊಪ್ಪಿನ ನೀರನ್ನೋ ಮುಟ್ಟಿಸಿ ಅದನ್ನು ಬೀಳಿಸಿದ ಮೇಲೂ ರಕ್ತ ಸೋರುತ್ತಲೇ ಇರುತ್ತದೆ, ಮನೆಗೆ ಬಂದು ನೋಡಿದರೆ ಪಂಚೆಯೆಲ್ಲ ಕೆಂಪು. ಇಂಬಳದ ಎಂಜಲಿನಲ್ಲಿ ನೇರವಾಗಿ ಥ್ರಾಂಬಿನ್ನನ್ನೇ ಹಿಡಿದು ಕಟ್ಟಿಹಾಕುವ ವಸ್ತುವಿದೆ. ಕಿಡಿಯನ್ನೇ ಆರಿಸಿದರೆ ಬೆಂಕಿ ಹಬ್ಬುವುದು ಎಲ್ಲಿಂದ? ನೀರಿನ ಜಿಗಣೆಯ ಎಂಜಲಿನಲ್ಲಿರುವ ಹಿರುಡಿನ್ ಎಂಬ ಇಂಥದ್ದೇ ವಸ್ತುವನ್ನು ಮಾದರಿಯಾಗಿಟ್ಟುಕೊಂಡು ಹೃದಯದ ಚಿಕಿತ್ಸೆಯಲ್ಲಿ ಬಳಸುವ ಔಷಧಿಗಳನ್ನು ತಯಾರಿಸಿದ್ದಾರೆ. ಇಂಬಳಕ್ಕೆ ಬೈಯುವಾಗ ಇದೊಂದು ನೆನಪಿರಲಿ.

ಕೊನೆಯದಾಗಿ ಅಡಿಕೆ ಸುಲಿಯುವವರ ವಿಷಯ. ಮೆಟ್ಟುಗತ್ತಿಯ ಮುಂದೆ ಎರಡು ಮೂರು ಗಂಟೆ ಕುಳಿತವರು ಕಾಫಿಗೆಂದು ಥಟ್ಟನೆ ಎದ್ದಾಗ ಅರ್ಧದಿಂದ ಮುಕ್ಕಾಲು ಲೀಟರಿನಷ್ಟು ರಕ್ತ ಎದೆಯ ಭಾಗದಿಂದ ಕೆಳಕ್ಕೆ, ಹೊಟ್ಟೆಗೆ ಮತ್ತು ಕಾಲುಗಳಿಗೆ ಇಳಿಯುತ್ತದೆ, ಮೆದುಳಿಗೆ ಹೋಗುವ ರಕ್ತದ ಒತ್ತಡ ಕುಸಿಯುತ್ತದೆ. ಕುತ್ತಿಗೆಯ ಎರಡು ಪಕ್ಕದ ದೊಡ್ಡ ರಕ್ತನಾಳಗಳ ಗೋಡೆಯಲ್ಲಿರುವ ನರತುದಿಗಳು ಈ ಕುಸಿತವನ್ನು ತಕ್ಷಣ ಗುರುತಿಸಿ ಸುದ್ದಿ ಕಳಿಸುತ್ತವೆ, ಹೃದಯ ವೇಗವಾಗಿ ಬಡಿಯುತ್ತದೆ, ಕಾಲಿನ ನಾಳಗಳು ಬಿಗಿಯುತ್ತವೆ, ಕೆಲವೇ ಸೆಕೆಂಡುಗಳಲ್ಲಿ ಎಲ್ಲ ಸರಿಹೋಗುತ್ತದೆ. ಹದಿಹರೆಯದವರಿಗೆ ಇದು ಗೊತ್ತೇ ಆಗುವುದಿಲ್ಲ. ಎಪ್ಪತ್ತು ದಾಟಿದವರಲ್ಲಿ ಆ ನಾಳಗಳ ಗೋಡೆ ಗಡುಸಾಗಿರುತ್ತದೆ, ಸುದ್ದಿ ತಡವಾಗಿ ಹೋಗುತ್ತದೆ, ಅದರ ಮೇಲೆ ಬಿಪಿ ಮಾತ್ರೆಯೂ ಇದ್ದರೆ ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ನನ್ನ ತಾಯಿ ಹೀಗೆಯೇ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅಂದು ನಾನು ಶಿವಮೊಗ್ಗದಲ್ಲಿ ಇದೇ ಪಾಠವನ್ನು ವಿದ್ಯಾರ್ಥಿಗಳಿಗೆ ಮಾಡುತ್ತಿದ್ದೆ.

ವಯಸ್ಸಾದವರಲ್ಲಿ ಹದ ಕೆಡುವುದಕ್ಕಿಂತ ಹೆಚ್ಚಾಗಿ, ಅದನ್ನು ಮರಳಿ ತರುವ ಶಕ್ತಿ ಕುಗ್ಗಿರುತ್ತದೆ. ಸ್ನಾಯು ಕಡಿಮೆಯಾಗಿ ಶಾಖ ಹುಟ್ಟುವುದು ಕಡಿಮೆ, ಚರ್ಮದ ನಾಳಗಳು ಬಿಗಿಯುವುದೂ ನಿಧಾನ. ಅಜ್ಜಿ ಫಾಲ್ಗುಣದಲ್ಲಿಯೂ ಸ್ವೆಟರ್ ಹಾಕಿಕೊಂಡರೆ ನಗಬೇಡಿ. ಬಾಯಾರಿಕೆಯೂ ಮಂದವಾಗಿರುತ್ತದೆ, ರಕ್ತ ಗಟ್ಟಿಯಾಗುತ್ತಿದ್ದರೂ ನೀರು ಬೇಕೆನಿಸುವುದಿಲ್ಲ. ಆದ್ದರಿಂದ ಸುಲಿಯುವ ಜಗಲಿಯಲ್ಲಿ ಹಿರಿಯರ ಕೈಗೆಟುಕುವಂತೆ ಒಂದು ಚೆಂಬು ನೀರು ಇಡಿ, ಕೇಳುವವರೆಗೆ ಕಾಯದೆ ನೀವೇ ಕೊಡಿ. ಅವರು ಏಳುವಾಗ ಮೊದಲು ಮಣೆಯಿಂದ ಜಗಲಿಯ ಕಟ್ಟೆಗೆ ಬಂದು ಕುಳಿತು, ಕಾಲು ಇಳಿಬಿಟ್ಟು, ನಾಲ್ಕು ಬಾರಿ ಪಾದ ಆಡಿಸಿ, ಆಮೇಲೆ ಕಂಬ ಹಿಡಿದು ಏಳಲಿ.